ನೆಲನೆಲ್ಲಿ ಕರೆಯುವ ಹೊತ್ತು

ದಾವಣಗೆರೆಯ ಆನೆಕೊಂಡದ ಉಡಚಮ್ಮನ ಮನೆಯಲ್ಲಿ ಭಾನುವಾರ ಒಗ್ಗರಣೆ ಹಾಕುವಂತಿರಲಿಲ್ಲ. ಓಣಿಗೆಲ್ಲ ಮಟನ್ ವಾಸನೆ ಹಬ್ಬುವ ದಿನ ಆ ಮನೆಯಲ್ಲಿ ಮಾತ್ರ ಬೇಯಿಸಿದ ಬೇಳೆ, ಬಿಳಿ ಅನ್ನ, ಮಜ್ಜಿಗೆ. ಗುರುವಾರವೂ ಅಷ್ಟೇ. ಆ ಎರಡು ದಿನ ಉಡಚಮ್ಮ ಕಾಮಾಲೆಗೆ ಔಷಧಿ ಕೊಡುತ್ತಿದ್ದಳು. ಔಷಧಿ ಕುಡಿದವರು ಉಪ್ಪು, ಎಣ್ಣೆ, ಒಗ್ಗರಣೆ ಬಿಡಬೇಕು. ಕೊಟ್ಟ ಮನೆಯವರೂ ಆ ದಿನ ಬಿಡಬೇಕು. ರೋಗಿ ಬಾಯಿ ಕಟ್ಟಿ ಕೂತಿರುವಾಗ ಕೊಟ್ಟವರ ಮನೆಯಲ್ಲಿ ಸಾಸಿವೆ ಸಿಡಿದರೆ ಮದ್ದು ಹಿಡಿಯುವುದಿಲ್ಲ ಎಂಬುದು ಅವಳ ಅತ್ತೆಯ ಕಾಲದ ಕಟ್ಟಳೆ.

ಅವಳ ಗಂಡ ಮಾರಪ್ಪನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಹತ್ತಿ ಮಿಲ್ಲಿನ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡಿದ್ದ ಮುದುಕನಿಗೆ ಮೂಗು ಮಾತ್ರ ಹುಷಾರಾಗಿತ್ತು. ಪಕ್ಕದ ಮನೆಯ ಬೀಬಿಜಾನ್ ಮಸಾಲೆ ಹುರಿಯುವ ಹೊತ್ತಿಗೆ ಹಿತ್ತಲಿಗೆ ಹೋಗಿ ಕೂರುತ್ತಿದ್ದ. ಚೆನ್ನಾಗಿ ಉಸಿರೆಳೆದುಕೊಂಡು ಬಂದು ತನ್ನ ಸಪ್ಪೆ ಅನ್ನ ಕಲಸುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮನೇಲಿ ಹಿತ್ತಲ ಗಿಡವೇ ಯಜಮಾನಿ ಎಂದು ಬಂದವರೆದುರೆಲ್ಲ ಗೊಣಗುವನು. ಉಡಚಮ್ಮ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಔಷಧಿಯೇನೂ ಗುಟ್ಟಿನದಲ್ಲ. ನೆಲನೆಲ್ಲಿ. ಮಳೆ ಬಿದ್ದ ನಾಲ್ಕು ದಿನಕ್ಕೆ ಗೋಡೆಯ ಬುಡದಲ್ಲಿ, ಚರಂಡಿಯ ಅಂಚಿನಲ್ಲಿ ತಾನಾಗಿ ಹುಟ್ಟುವ ಗೇಣುದ್ದದ ಗಿಡ. ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಕಾಯಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಹೊತ್ತು ಮುಳುಗಿದರೆ ಎಲೆ ಮಡಚಿಕೊಂಡು ಮಲಗುತ್ತದೆ. ಉಡಚಮ್ಮ ಬಚ್ಚಲ ನೀರು ಹರಿಯುವ ಕಡೆ ಪಾತಿ ಮಾಡಿ ಬೇಸಿಗೆಯಲ್ಲೂ ಅದನ್ನು ಉಳಿಸಿಕೊಂಡಿದ್ದಳು. ಔಷಧಿಗೆ ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಅವಳಿಂದ ವಾಸಿಯಾದವರೆಷ್ಟು, ತಾವಾಗಿ ವಾಸಿಯಾಗುವವರೆಷ್ಟು ಎಂದು ಲೆಕ್ಕ ಇಟ್ಟವರಿಲ್ಲ. ಹರಿಹರ, ಆನಗೋಡಿನಿಂದಲೂ ಜನ ಬರುತ್ತಿದ್ದದ್ದು ಮಾತ್ರ ನಿಜ.

ಕಷ್ಟವಿದ್ದದ್ದು ಕೀಳುವುದರಲ್ಲಿ. ಹಿಂದಿನ ಸಂಜೆ, ಎಲೆ ಮಡಚುವ ಮೊದಲು, ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಡಕ್ಕೆ ಅರಿಶಿನ ಕುಂಕುಮ, ನಾಲ್ಕು ಅಕ್ಕಿಕಾಳು ಹಾಕಿ ರೋಗಿಯ ಹೆಸರು ಹೇಳಿ ಕರೆಯಬೇಕು. ಇಂಥವರಿಗೆ ನೀನು ಬೇಕಾಗೈತೆ, ಬಾರವ್ವ ಎನ್ನಬೇಕು. ಬೆಳಗ್ಗೆ ಯಾರೊಂದಿಗೂ ಮಾತಾಡದೆ, ತನ್ನ ನೆರಳು ಗಿಡದ ಮೇಲೆ ಬೀಳದಂತೆ ಬೇರುಸಮೇತ ಕೀಳಬೇಕು. ಕರೆಯುವವಳು ತನ್ನ ಹೆಸರಲ್ಲಿ ತಾನೇ ಕರೆಯುವಂತಿಲ್ಲ. ಕರೆಯದೆ ಕಿತ್ತರೆ ಅದು ಬರೀ ಸೊಪ್ಪು, ಮೇಲಿಂದ ಕಿತ್ತವರಿಗೆ ದೋಷ ಎಂದು ಉಡಚಮ್ಮ ಹೇಳುತ್ತಿದ್ದಳು.

ಆ ಸಲದ ಮುಂಗಾರಿನಲ್ಲಿ ಅವಳು ಬಚ್ಚಲ ಕಲ್ಲಿನ ಮೇಲೆ ಜಾರಿಬಿದ್ದು ಮಂಡಿ ಕೆಡಿಸಿಕೊಂಡಳು. ಇನ್ನು ಮೇಲೆ ಕೆಳಗೆ ಕೂರಲೇಬಾರದು ಎಂದರು ಡಾಕ್ಟರು. ಹಾಗಾಗಿ ಗಿಡ ಕರೆಯುವ ಕೆಲಸ ಸೊಸೆ ರೇವತಿಯ ತಲೆಗೆ ಬಂತು.

ರೇವತಿ ಭಾನುವಳ್ಳಿಯವಳು. ಪಿಯುಸಿ ಓದಿದ್ದಳು, ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಗಂಡ ರವಿಚಂದ್ರ ದಾವಣಗೆರೆ-ಹರಿಹರದ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಅವನು ಮೊದಲ ಟ್ರಿಪ್ಪಿಗೆ ಹೊರಡುವಷ್ಟರಲ್ಲಿ ರೊಟ್ಟಿ, ಪಲ್ಯ ಆಗಿರಬೇಕು. ಆಮೇಲೆ ಮಗಳು ಮೀನಾಕ್ಷಿಯನ್ನು ಎರಡು ಜಡೆ ಹಾಕಿ ಶಾಲೆಗೆ ಕಳಿಸಬೇಕು. ಮೂರನೇ ಕ್ಲಾಸಿನ ಮೀನಿ ತಲೆ ಬಾಚಿಸಿಕೊಳ್ಳುವಾಗ ಮನೆ ಹಾರಿಹೋಗುವ ಹಾಗೆ ಕಿರುಚುವಳು. ಇಷ್ಟರ ಮೇಲೆ ಗಿಡಕ್ಕೆ ಅಕ್ಕಿಕಾಳು ಹಾಕುವ ಚಾಕರಿ ಬೇರೆ. ಗಿಡಕ್ಕೇನು ಕಿವಿ ಇದೆಯಾ ಎಂದು ಒಮ್ಮೆ ಅಂದುಬಿಟ್ಟಳು. ಅವತ್ತು ಅತ್ತೆ ಸೊಸೆ ಊಟದ ತನಕ ಮಾತು ಬಿಟ್ಟಿದ್ದರು. ಮಾರಪ್ಪ ಇಬ್ಬರ ನಡುವೆ ಕೂತು ಆರಾಮವಾಗಿ ಉಂಡ.

ಹರಿಹರದ ಪೇಟೆಯಲ್ಲಿ ಬೇರು ನಾರು ಮಾರುವ ಗ್ರಂಥಿಗೆ ಅಂಗಡಿ ಇಟ್ಟಿದ್ದ ಕರಿಬಸವರಾಜ ತನ್ನ ಹೆಂಡತಿಗೆ ಔಷಧಿ ಕೊಡಿಸಲು ಬಂದವನು ಹಿತ್ತಲು ನೋಡಿ ನಿಂತುಬಿಟ್ಟ. ಇಷ್ಟು ಸೊಂಪಾದ ನೆಲನೆಲ್ಲಿ ಎಲ್ಲೂ ಕಂಡಿಲ್ಲ, ನೆರಳಲ್ಲಿ ಒಣಗಿಸಿ ಕಟ್ಟು ಕಟ್ಟಿ ಕೊಟ್ಟರೆ ಎಷ್ಟಿದ್ದರೂ ತಗೊಳ್ಳುತ್ತೇನೆ ಎಂದ. ಉಡಚಮ್ಮ ಅವನ ಎದುರಿಗೇ ಆಗೋದಿಲ್ಲ ಅಂದಳು. ರೇವತಿ ಮಾತ್ರ ಅಂದಿನಿಂದ ಹಿತ್ತಲ ಖಾಲಿ ಜಾಗವನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು.

ಜಗಳ ವಾರಗಟ್ಟಲೆ ನಡೆಯಿತು. ಔಷಧಿ ಮಾರಿದರೆ ಕೈಗುಣ ಹೋಗುತ್ತದೆ ಎಂದು ಅತ್ತೆ. ಅದು ಕಳೆ, ಕಳೆ ಮಾರಿದರೆ ಏನು ಹೋಗುತ್ತದೆ ಎಂದು ಮಗ. ಕೊನೆಗೆ ಒಂದು ಸಂಜೆ ರೊಟ್ಟಿ ಬಡಿಯುತ್ತಲೇ ರೇವತಿ ಹೇಳಿದಳು:

"ನನ್ ಕೈಯಾಗೂ ನಾಕು ಕಾಸು ಆಡ್ಲಿ ಬಿಡ್ರಿ ಅತ್ತೆ. ಮಗೀಗೆ ಒಂದ್ ಜೊತೆ ಚಪ್ಲಿ ತರ್ಬೇಕಂದ್ರೂ ಇವ್ರ ಮಕ ನೋಡ್ಬೇಕು."

ಉಡಚಮ್ಮನಿಗೆ ಅದು ನಾಟಿತು. ತಾನೂ ಸೊಸೆಯಾಗಿ ಬಂದವಳೇ ತಾನೆ. ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು.

"ಬೇರೆ ಪಾತಿ ಮಾಡ್ಕ್ಯಂಡು ಮಾರ್ಕೋ. ಆದ್ರೆ ಹೆಸ್ರು ಹೇಳಿ ಕರೀದೆ ಒಂದ್ ಕಡ್ಡೀನೂ ಕೀಳ್ಬ್ಯಾಡ."

ಮಾರುವ ಸೊಪ್ಪಿಗೆ ಯಾರ ಹೆಸರು? ರೋಗಿಯಿಲ್ಲ, ರೋಗವಿಲ್ಲ. ಅದನ್ನು ಉಡಚಮ್ಮ ಹೇಳಲಿಲ್ಲ, ರೇವತಿ ಕೇಳಲಿಲ್ಲ. ಕೇಳಿದರೆ ಕೊಟ್ಟ ಒಪ್ಪಿಗೆ ಎಲ್ಲಿ ವಾಪಸ್ಸಾಗುತ್ತದೋ ಎಂಬ ಹೆದರಿಕೆ ಅವಳಿಗೆ.

ಹೊಸ ಪಾತಿಯ ಮುಂದೆ ಮೊದಲ ಸಂಜೆ ಕೂತಾಗ ಅವಳಿಗೆ ಬಾಯಿ ಕಟ್ಟಿತು. ಹಿಂದೆ ಬಾಗಿಲಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಗಂಡನ ಹೆಸರು ಹೇಳುವಂತಿಲ್ಲ. ಫೋನಿನಲ್ಲಿ ಬೇರೆಯವರು ಕೇಳಿದರೂ ನಮ್ಮನೆಯವ್ರು ಎನ್ನುವವಳು ಅವಳು. ಮಾವನ ಹೆಸರು, ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರುವ ಮಾತೇ ಇಲ್ಲ. ತನ್ನ ಹೆಸರು ನಡೆಯುವುದಿಲ್ಲ. ಓಣಿಯವರ ಹೆಸರು ಹೇಳಿದರೆ ಪಾಪ. ಇಲ್ಲದ ಹೆಸರು ಹೇಳೋಣವೆಂದರೆ, ಗಿಡಕ್ಕೆ ಕಿವಿಯಿಲ್ಲ ಎಂದವಳಿಗೇ ಅದಕ್ಕೆ ಸುಳ್ಳು ಹೇಳಲು ಧೈರ್ಯ ಬರಲಿಲ್ಲ. ಉಳಿದದ್ದು ಮಗಳ ಹೆಸರೊಂದೇ. ಹುಟ್ಟಿದ ವಾರದಲ್ಲಿ ಮೀನಿಗೆ ಮೈ ಹಳದಿಯಾಗಿ ಆಸ್ಪತ್ರೆಯಲ್ಲಿ ದೀಪದ ಕೆಳಗೆ ಮಲಗಿಸಿದ್ದರಲ್ಲ, ಹಾಗಾದರೆ ಇದು ಪೂರ್ತಿ ಸುಳ್ಳೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೀನಾಕ್ಷಿಗೆ ಬೇಕಾಗೈತೆ, ಬಾರವ್ವ ಎಂದು ಗಂಟಲೊಳಗೇ ಅಂದು ಎದ್ದಳು.

ಶ್ರಾವಣವೆಲ್ಲ ಹೀಗೇ ಹೋಯಿತು. ಸಂಜೆ ಕರೆಯುವುದು, ಬೆಳಗ್ಗೆ ಕೀಳುವುದು, ತೊಳೆದು ಅಟ್ಟದ ಮೇಲೆ ಹರಡುವುದು. ಕಟ್ಟುಗಳನ್ನು ರವಿಚಂದ್ರ ಬಸ್ಸಿನಲ್ಲೇ ಹರಿಹರಕ್ಕೆ ಒಯ್ಯುತ್ತಿದ್ದ. ಮೀನಿಗೆ ಹೊಸ ಚಪ್ಪಲಿ ಬಂತು, ಮನೆಗೆ ಕುಕ್ಕರ್ ಬಂತು. ಮಾರಪ್ಪನಿಗೆ ಸೊಸೆಯೇ ಒಂದು ಸಂಜೆ ಮಿರ್ಚಿ ಮಂಡಕ್ಕಿ ಕೊಡಿಸಿದ್ದರಿಂದ ಅವನು ಪೂರ್ತಿ ಅವಳ ಪಾರ್ಟಿಯಾದ. ರೇವತಿ ಹಾಡು ಗುನುಗಿಕೊಂಡು ಕಸ ಹೊಡೆಯುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ಅಷ್ಟು ಖುಷಿಯಾಗಿದ್ದದ್ದು ಅದೇ ಮೊದಲು.

ಭಾದ್ರಪದದಲ್ಲಿ ಒಂದು ಸಂಜೆ ಅವಳ ಕಣ್ಣಿಗೆ ಬಿದ್ದದ್ದೇನೆಂದರೆ, ಅತ್ತೆಯ ಹಳೆಯ ಪಾತಿ ಎಲೆ ಮಡಚಿಕೊಂಡು ಮಲಗಿತ್ತು, ತನ್ನ ಪಾತಿ ಮಲಗಿರಲಿಲ್ಲ. ಒಂದೊಂದು ಎಲೆಯೂ ಬಿಚ್ಚಿಕೊಂಡು ಮನೆಯ ಕಡೆಗೆ ನೋಡುತ್ತಿತ್ತು. ದೀಪ ಹಚ್ಚಿ ಬಂದು ನೋಡಿದರೂ ಹಾಗೇ ಇತ್ತು. ಗೊಬ್ಬರ ಹೆಚ್ಚಾಗಿರಬೇಕು ಎಂದುಕೊಂಡು ಬಾಗಿಲು ಹಾಕಿದಳು.

ಅದೇ ವಾರ ಅವಳು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಾಗ ಪಡಸಾಲೆಯಲ್ಲಿ ಬರೆಯುತ್ತಾ ಕೂತಿದ್ದ ಮೀನಿ "ಬಂದೆ ಅಮ್ಮಾ" ಎಂದು ಎದ್ದು ಓಡಿದಳು. ಓಡಿದ್ದು ಅಡಿಗೆಮನೆಗಲ್ಲ, ಹಿತ್ತಲಿಗೆ. ತುಸು ಹೊತ್ತಿಗೆ ವಾಪಸ್ ಬಂದು ಅಮ್ಮನ ಕೈಗಂಟಿದ ಹಿಟ್ಟು ನೋಡಿದಳು.

"ಅಲ್ಲಿಂದ ಕರ್ದು ಇಲ್ ಯಾವಾಗ್ ಬಂದೆ?"

"ನಾ ಎಲ್ಲೂ ಹೋಗಿಲ್ವಲ್ಲೆ."

"ನೀನೇ ಕರ್ದೆ. ಮೀನಾಕ್ಷಿ ಅಂದೆ."

ಮನೆಯಲ್ಲಿ ಅವಳನ್ನು ಮೀನಾಕ್ಷಿ ಎಂದು ಪೂರ್ತಿ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ರೇವತಿಯ ಕೈ ಹಿಟ್ಟಿನಲ್ಲೇ ನಿಂತಿತು. ಟಿವಿ ಸದ್ದಿರಬೇಕು, ಬರಿ ಹೋಗು ಎಂದು ಗದರಿಸಿದಳು. ಮೀನಿ ಮರುದಿನವೂ ಅದೇ ಹೊತ್ತಿಗೆ ಓಡಿದಳು. ಅದರ ಮರುದಿನವೂ.

ಆಮೇಲೆ ಊಟದ ತಕರಾರು ಶುರುವಾಯಿತು. ಮಂಗಳವಾರ ತಟ್ಟೆಗೆ ಸಾರು ಹಾಕಿದರೆ ಮೀನಿ ಮೂಗು ಮುಚ್ಚಿಕೊಂಡಳು. ಒಗ್ಗರಣೆ ವಾಸನೆ ಆಗಲ್ಲ, ಭಾನುವಾರದ ಊಟ ಹಾಕು ಎಂದಳು. ಮಕ್ಕಳ ಹಟವೆಂದು ರೇವತಿ ಒಂದು ಏಟು ಕೊಟ್ಟಳು. ಏಟು ತಿಂದರೂ ಸಾರು ತಿನ್ನಲಿಲ್ಲ. ಉಪ್ಪು ಹಾಕದ ಗಂಜಿ ಕೊಟ್ಟರೆ ಲೋಟ ಬಳಿದು ಕುಡಿದಳು. ರವಿಚಂದ್ರ ಬೆಣ್ಣೆ ದೋಸೆ ಪಾರ್ಸೆಲ್ ತಂದ. ಪೊಟ್ಟಣ ಬಿಚ್ಚಿದ್ದೇ ತಡ ಮೀನಿ ಎದ್ದು ಹೋಗಿ ಜಗಲಿಯಲ್ಲಿ ಕೂತಳು. ಹಲ್ಲಿಗೆ ಅಂಟುವ ಮಿಠಾಯಿ, ಕುರುಕಲು ಯಾವುದೂ ಬೇಡವಾಯಿತು. ರೋಗವಿಲ್ಲದ ಮಗು ರೋಗಿಯ ಪಥ್ಯ ಹಿಡಿದು ಕೂತಿತ್ತು. ಮೊಮ್ಮಗಳ ತಟ್ಟೆ ನೋಡಿ ಮಾರಪ್ಪನಿಗೂ ಅನ್ನ ಇಳಿಯದಾಯಿತು.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣು ನೋಡಿದರು, ರಕ್ತ ಪರೀಕ್ಷೆ ಮಾಡಿದರು, ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಕಾಮಾಲೆ ಇಲ್ಲ, ಲಿವರ್ ಗಟ್ಟಿಮುಟ್ಟಾಗಿದೆ ಎಂದು ಡಾಕ್ಟರಮ್ಮ ಹುಳದ ಮಾತ್ರೆ, ಹಸಿವಿನ ಟಾನಿಕ್ಕು ಬರೆದುಕೊಟ್ಟರು. ರವಿಚಂದ್ರ ಬದುಕಿದೆಯಾ ಬಡಜೀವವೇ ಎಂದು ಉಸಿರುಬಿಟ್ಟ. ಮೀನಿ ಮಾತ್ರ ದಿನದಿನಕ್ಕೆ ಹಗುರಾಗುತ್ತಾ ಹೋದಳು. ಯೂನಿಫಾರಂ ಸ್ಕರ್ಟಿಗೆ ರೇವತಿ ಎರಡು ಸಲ ಹುಕ್ ಒಳಗೆ ಹಾಕಿದಳು. ಬಾಚುವಾಗ ಮಗು ಈಗ ಕಿರುಚುತ್ತಿರಲಿಲ್ಲ. ಕೂದಲಿಗೆ ಎಣ್ಣೆ ಹಚ್ಚದಿದ್ದರೂ ಹಸಿ ಸೊಪ್ಪು ಅರೆದ ವಾಸನೆ ಬರುತ್ತಿತ್ತು.

ಅಷ್ಟರಲ್ಲಿ ಬೀಬಿಜಾನಳ ಮಗ ಹಿದಾಯತ್‌ಗೆ ಕಾಮಾಲೆಯಾಯಿತು. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವ ಹುಡುಗ, ಅರಿಶಿನ ಬಳಿದ ಹಾಗೆ ಹಳದಿಯಾಗಿ ಬಂದು ಕೂತ. ಉಡಚಮ್ಮ ಹಳೆಯ ಪಾತಿಯಲ್ಲಿ ಅವನ ಹೆಸರು ಹೇಳಿಸಿ ಕರೆಸಿದಳು. ಬೆಳಗ್ಗೆ ಕಿತ್ತು ಒರಳಿಗೆ ತರುವಷ್ಟರಲ್ಲಿ ಗಿಡ ಬಿಸಿನೀರಿಗೆ ಅದ್ದಿದ ಸೊಪ್ಪಿನ ಹಾಗೆ ಜೋತುಬಿತ್ತು. ಮತ್ತೆ ಗುರುವಾರಕ್ಕೆ ಕರೆಸಿದಳು, ಮತ್ತೆ ಹಾಗೇ. ಉಡಚಮ್ಮ ಆ ಬಾಡಿದ ಸೊಪ್ಪನ್ನು ಬೀಬಿಜಾನಳಿಗೆ ತೋರಿಸಿದಳು. ಆಸ್ಪತ್ರೆಗೆ ಸೇರಿಸು ಬೀಬಿ, ತಡ ಮಾಡಬೇಡ, ನನ್ನ ಗಿಡ ಬೇರೆ ಎಲ್ಲೋ ಕೆಲಸಕ್ಕೆ ಹೋಗಿದೆ ಎಂದು ಕಳಿಸಿದಳು. ಹುಡುಗ ಆಸ್ಪತ್ರೆಯಲ್ಲಿ ಗುಣವಾದ.

ಅವನನ್ನು ಮನೆಗೆ ಕರೆತಂದ ದಿನ ಬೀಬಿಜಾನ್ ಕಾಂಪೌಂಡ್ ಗೋಡೆಯ ಆಚೆಯಿಂದ ಉಡಚಮ್ಮನನ್ನು ಮೆಲ್ಲಗೆ ಕರೆದಳು. ಹೇಳಲೋ ಬೇಡವೋ ಎಂದು ಸೆರಗು ಸರಿಮಾಡಿಕೊಂಡಳು.

"ಅಕ್ಕಾ, ನಿಮ್ ಮೀನಿ ದಿನಾ ಸಂಜೆ ಆ ಗಿಡದ್ ಮುಂದ್ ಕುಂತು ಮಾತಾಡ್ತೈತೆ. ಮೊದ್ಲು ಆಟ ಅಂದ್ಕಂಡಿದ್ದೆ. ನಿನ್ನೆ ಕೇಳಿಸ್ತು. ನಂಗೇನೂ ಆಗಿಲ್ಲ, ಹೋಗು ಅಂತಿತ್ತು. ಯಾರೋ ವಾಪಸ್ ಕೇಳ್ದಂಗೆ, ಇಲ್ಲ, ಇನ್ನೂ ಆಗಿಲ್ಲ ಅಂತಿತ್ತು."

ಉಡಚಮ್ಮ ಗೋಡೆ ಹಿಡಿದುಕೊಂಡು ಹೊಸ ಪಾತಿಯ ತನಕ ನಡೆದು ಹೋದಳು. ಸೂರ್ಯ ಮುಳುಗಿದ್ದ. ಎಲೆಗಳೆಲ್ಲ ಬಿಚ್ಚಿಕೊಂಡಿದ್ದವು. ಪಾತಿಯಿಂದ ಮನೆಯ ಕಡೆಗೆ ಬಚ್ಚಲ ಕಲ್ಲಿನ ಸಂದಿಯಲ್ಲಿ, ಮೆಟ್ಟಿಲ ಬಿರುಕಿನಲ್ಲಿ, ಹೊಸ್ತಿಲ ಕೆಳಗೆ ಒಂದರ ಹಿಂದೆ ಒಂದು ಗಿಡ ಎದ್ದಿದ್ದವು. ಒಳಗೆ ಬಂದು ಮೀನಿ ಮಲಗುವ ಮಂಚದ ಕೆಳಗೆ ಬಗ್ಗಿ ನೋಡಿದಳು. ಬಿಸಿಲು ಕಾಣದ ಆ ಟೈಲ್ಸಿನ ಸಂದಿಯಲ್ಲೂ ಒಂದು ಹಸಿರು ಕಡ್ಡಿ ನಿಂತಿತ್ತು.

ಅವಳು ಸೊಸೆಯನ್ನು ಕೂಗಲಿಲ್ಲ, ಗದರಲಿಲ್ಲ. ಅಡಿಗೆಮನೆಗೆ ಹೋಗಿ ಒಲೆ ಆರಿಸಿದಳು.

"ಮಾರೋ ಪಾತೀನ ಯಾರ್ ಹೆಸ್ರಾಗೆ ಕರ್ದಿ?"

ರೇವತಿ ಆರಿದ ಒಲೆಯ ಮೇಲಿನ ಹಂಚು ಇಳಿಸಿದಳು.

"ಹೇಳು ರೇವತಿ."

"ಇನ್ಯಾರ್ ಹೆಸ್ರು ಹೇಳ್ಲಿ ಅತ್ತೆ? ಇವ್ರ ಹೆಸ್ರು ಹೇಳಂಗಿಲ್ಲ, ನಿಮ್ದು ಹೇಳಂಗಿಲ್ಲ. ಊರೋರ್ ಮಕ್ಳ ಹೆಸ್ರು ಹೇಳೋಕೆ ಮನ್ಸಾಗ್ಲಿಲ್ಲ."

"ದಿನಾ?"

"ದಿನಾ."

ಉಡಚಮ್ಮ ಕುರ್ಚಿಗೆ ಒರಗಿದಳು. ಸಿಟ್ಟು ಮಾಡುವಂತಿರಲಿಲ್ಲ, ಷರತ್ತು ಹಾಕಿದವಳು ತಾನೇ. ಗಿಡ ಕರೆದ ಹೆಸರಿನವರ ಬಳಿಗೆ ಬರುತ್ತದೆ, ರೋಗ ತಿನ್ನುತ್ತದೆ, ಹೋಗುತ್ತದೆ. ಇಲ್ಲಿ ಇಷ್ಟು ಸಲ ಕರೆದದ್ದಕ್ಕೆ ಇಷ್ಟೊಂದು ಬಂದಿದೆ, ತಿನ್ನಲು ರೋಗವಿಲ್ಲ, ಮಗುವಿದೆ ಎಂದು ಅವಳು ಒಂದೇ ಉಸಿರಿಗೆ ಹೇಳಿ ಮುಖ ಮುಚ್ಚಿಕೊಂಡಳು. ರೇವತಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. ತನ್ನ ಮಗುವನ್ನು ತಾನೇ ಹೆಸರು ಹಿಡಿದು ಕೊಟ್ಟೆನಲ್ಲ ಎಂದು ಅತ್ತಳು.

ರವಿಚಂದ್ರನಿಗೆ ವಿಷಯ ತಿಳಿದಾಗ ಇಬ್ಬರಿಗೂ ಬಾಯಿಗೆ ಬಂದ ಹಾಗೆ ಬೈದ. ಡಾಕ್ಟರು ಏನೂ ಇಲ್ಲ ಎಂದಿದ್ದಾರೆ, ನೀವಿಬ್ಬರೇ ಮಗುವಿನ ತಲೆಗೆ ಹುಳ ಬಿಟ್ಟಿದ್ದೀರಿ ಎಂದ. ಆದರೂ ಮರುದಿನ ಡ್ಯೂಟಿಗೆ ರಜೆ ಹಾಕಿ ಗುದ್ದಲಿ ತಂದು ಪಾತಿಯನ್ನು ಬುಡಮೇಲು ಮಾಡಿದ. ಸಂದಿಗೊಂದಿಗೆ ಸಿಮೆಂಟು ಮೆತ್ತಿದ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬಂತೆ, ವಾರ ತುಂಬುವುದರೊಳಗೆ ಅಗೆದ ಪಾತಿಯಲ್ಲೂ ಮೆತ್ತಿದ ಸಿಮೆಂಟಿನ ಅಂಚಿನಲ್ಲೂ ಗಿಡ ಎದ್ದಿತು. ಕಾರ್ತಿಕದ ಚಳಿಗೆ ಓಣಿಯಲ್ಲಿ ಬೇರೆಲ್ಲೂ ನೆಲನೆಲ್ಲಿ ಉಳಿದಿರಲಿಲ್ಲ. ರವಿಚಂದ್ರ ಆಮೇಲೆ ಬೈಯುವುದನ್ನು ಬಿಟ್ಟ. ಬಸ್ಸಿನಲ್ಲಿ ಚಿಲ್ಲರೆ ಕೊಡುವುದನ್ನೇ ಮರೆತು ಪ್ಯಾಸೆಂಜರುಗಳಿಂದ ಬೈಸಿಕೊಳ್ಳತೊಡಗಿದ.

ಮಗುವಿನ ಹೆಸರಲ್ಲಿ ಹೊರಗೆ ಹೋದದ್ದನ್ನು ವಾಪಸ್ ಪಡೆದು ಹೊಳೆಗೆ ಬಿಡಬೇಕು ಎಂದು ಉಡಚಮ್ಮನಿಗೆ ಅನ್ನಿಸಿತು. ರೇವತಿ ಗಂಡನ ಬಸ್ಸಿನಲ್ಲೇ ಹರಿಹರಕ್ಕೆ ಹೋದಳು. ಕರಿಬಸವರಾಜ ಅವಳನ್ನು ಕಂಡು ಅಂಗಡಿಯ ಗಲ್ಲಾ ಬಿಟ್ಟು ಎದ್ದು ಬಂದ.

"ಒಳ್ಳೇದಾಯ್ತು ಬಂದ್ರಿ, ಕೂಡ್ರಿ. ಮೊದ್ಲಿನ ಮಾಲೆಲ್ಲ ಪುಡಿ ಮಾಡಿ ಮಾರಿದ್ದಾಯ್ತು. ಹಿಂದಿನ ತಿಂಗ್ಳ ಕಟ್ಟೈತಲ್ಲ, ಅದು ಒಣಗ್ತಾನೇ ಇಲ್ರಿ. ಹಂಗೇ ಹಸ್ರಾಗೈತೆ. ತಗಂಡ್ ಹೋಗ್ಬಿಡ್ರಿ, ರೊಕ್ಕ ವಾಪಸ್ ಬ್ಯಾಡ."

ಸೀಲಿಂಗಿನ ಕೊಕ್ಕೆಗೆ ತೂಗುಹಾಕಿದ ಕಟ್ಟನ್ನು ಅವನು ಕೋಲಿನಿಂದ ಇಳಿಸಿದ, ಕೈಯಲ್ಲಿ ಮುಟ್ಟಲಿಲ್ಲ. ಬೇರುಗಳಿಗೆ ಇನ್ನೂ ಹಸಿ ಮಣ್ಣು ಅಂಟಿಕೊಂಡಿತ್ತು. ತೊಳೆದು ಕಳಿಸಿದ್ದು ರೇವತಿಗೆ ಚೆನ್ನಾಗಿ ನೆನಪಿತ್ತು. ಅವಳು ಕಟ್ಟನ್ನು ಸೆರಗಲ್ಲಿ ಸುತ್ತಿ ಹೊಳೆದಂಡೆಗೆ ಒಯ್ದಳು. ಮೊಣಕಾಲುದ್ದ ನೀರಿಗೆ ಇಳಿದು, ತಪ್ಪಾಯ್ತು ತಾಯಿ, ನನ್ನ ಕೂಸನ್ನ ಬಿಟ್ಟುಬಿಡು ಎಂದು ತುಂಗಭದ್ರೆಗೆ ಬಿಟ್ಟಳು. ಕಟ್ಟು ಕಲ್ಲಿನ ಹಾಗೆ ಮುಳುಗಿತು.

ಮನೆಗೆ ಬಂದಾಗ ಮೀನಿ ಮಂಚದ ಮೇಲೆ ಎರಡು ದುಪ್ಪಟಿ ಹೊದ್ದು ನಡುಗುತ್ತಿದ್ದಳು. ಮಾರಪ್ಪ ಅವಳ ಪಾದ ತಿಕ್ಕುತ್ತಿದ್ದ. ಮಧ್ಯಾಹ್ನದಿಂದ ಹೀಗೇ ಆಡುತ್ತಿದೆ ಎಂದ.

"ಅಮ್ಮಾ, ಕಾಲೆಲ್ಲ ಒದ್ದೆ ಆಗೈತೆ. ನೀರು ತಣ್ಣಗೈತೆ. ನನ್ನ ಯಾಕೆ ಅಲ್ ಬಿಟ್ಟೆ?"

ಪಾದ ಒಣಗಿಯೇ ಇತ್ತು. ರೇವತಿ ಮುಟ್ಟಿ ನೋಡಿದಳು. ಹೊಳೆಯ ನೀರಿನಷ್ಟೇ ತಣ್ಣಗಿತ್ತು.

ಆ ರಾತ್ರಿ ಒಲೆ ಹೊತ್ತಿಸಿದವರಿಲ್ಲ. ಮರುದಿನ ಇಡೀ ಉಡಚಮ್ಮ ಮೀನಿಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಂಜೆ, ಹೊತ್ತಿಳಿಯುವಾಗ, ಸೊಸೆಯನ್ನು ಹಿತ್ತಲ ಬಾಗಿಲಿಗೆ ಕರೆದು ಅರಿಶಿನ ಕುಂಕುಮದ ಬಟ್ಟಲು ಕೈಗಿಟ್ಟಳು.

"ನಮ್ಮತ್ತೆ ನಂಗೆ ಕರಿಯೋದ್ ಕಲಿಸಿದ್ಲು. ಕಳ್ಸೋದ್ ಕಲಿಸ್ಲಿಲ್ಲ. ಬಂದೋರ್ಗೆ ಯಾರ್ನಾರ ತೋರಿಸ್ಬೇಕು. ನನ್ ಹೆಸ್ರು ಹೇಳು."

"ಅತ್ತೆ, ಬ್ಯಾಡ್ರಿ."

"ನಾನೇ ಕರ್ಕಳ್ಳೋ ಹಂಗಿದ್ರೆ ನಿನ್ ಯಾಕ್ ಕೇಳ್ತಿದ್ದೆ? ನಡಿ, ಹೊತ್ತಾಗ್ತೈತೆ."

ರೇವತಿ ಇನ್ನೊಂದು ಸಲ ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಅತ್ತೆಯ ಬಾಯಿಂದ ಈ ಮಾತು ಬರಲಿ ಎಂದು ತಾನು ಬೆಳಗ್ಗಿನಿಂದ ಕಾಯುತ್ತಿದ್ದೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಎದೆಯಲ್ಲಿ ಹಗುರಾಯಿತು, ಹಗುರಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹೋಗಿ ಗಿಡದ ಮುಂದೆ ಕೂತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಮ್ಮೆಯೂ ನಾಲಿಗೆಗೆ ಬಾರದ ಹೆಸರು ಎರಡು ಸಲ ಗಂಟಲಲ್ಲೇ ನಿಂತಿತು.

"ಉಡಚಮ್ಮನಿಗೆ ಬೇಕಾಗೈತೆ. ಬಾರವ್ವ."

"ಬಂದೆ," ಎಂದಳು ಉಡಚಮ್ಮ ಒಳಗಿನಿಂದ.

ಗಾಳಿಯಿರಲಿಲ್ಲ. ಪಾತಿಯ ಎಲೆಗಳು ಒಂದೊಂದಾಗಿ ಮಡಚಿಕೊಂಡವು.

ಬೆಳಗ್ಗೆ ಮೀನಿ ಎದ್ದವಳೇ ಚಹಾದ ಜೊತೆ ಖಾರ ಮಂಡಕ್ಕಿ ಕೇಳಿದಳು. ಬಾಚುವಾಗ ಓಣಿಗೆಲ್ಲ ಕೇಳುವಂತೆ ಕಿರುಚಿದಳು. ರವಿಚಂದ್ರ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡು ಡ್ಯೂಟಿಗೆ ಹೋದ. ಮಧ್ಯಾಹ್ನ ರೇವತಿ ಅತ್ತೆಯ ತಟ್ಟೆಗೆ ಸಾರು ಬಡಿಸಲು ಸೌಟು ಎತ್ತಿದಾಗ ಉಡಚಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಮೀನಿಗೆ ಹಾಕು, ನನಗೆ ಗಂಜಿ ಸಾಕು ಎಂದಳು.

ದಿನಾ ಸಂಜೆ ಅತ್ತೆಯ ಹೆಸರಲ್ಲಿ ಕರೆಯುತ್ತಿದ್ದ ರೇವತಿ ಒಂದು ದಿನ ಕರೆಯದೆ ಬಿಟ್ಟಳು. ಮುದುಕಿಯ ತೋಳು ಕಡ್ಡಿಯಾಗಿದ್ದನ್ನು ನೋಡಿ ಕರೆಯಲು ಮನಸ್ಸಾಗಿರಲಿಲ್ಲ. ದೀಪ ಹಚ್ಚುವಷ್ಟರಲ್ಲಿ ಪಡಸಾಲೆಯಿಂದ ಮೀನಿ "ಅಮ್ಮಾ, ಕರ್ದ್ಯಾ?" ಎಂದಳು. ರೇವತಿ ಅರಿಶಿನದ ಬಟ್ಟಲನ್ನೂ ಮರೆತು ಹಿತ್ತಲಿಗೆ ಓಡಿದಳು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಓಣಿಯಲ್ಲಿ ಇದು ಬೇರೆಯೇ ಮಾತಾಯಿತು. ಭಾನುವಳ್ಳಿಯವಳಿಗೆ ಕಾಸು ಕಂಡು ಕೊಬ್ಬು ಬಂದಿದೆ, ಹೊತ್ತು ಮುಳುಗೋ ಹೊತ್ತಿಗೆ ದಿನಾ ಅತ್ತೆಯ ಹೆಸರು ಹಿಡಿದು ಕೂಗುತ್ತಾಳೆ, ಮುದುಕಿಗೆ ಉಪ್ಪು ಕೂಡ ಹಾಕುವುದಿಲ್ಲವಂತೆ ಎಂದು ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡರು. ಬೀಬಿಜಾನ್ ಒಬ್ಬಳು ಅಲ್ಲಿಂದ ಕೊಡ ಎತ್ತಿಕೊಂಡು ಎದ್ದು ಬರುತ್ತಿದ್ದಳು. ಅರ್ಧ ಕಿವಿಯ ಮಾರಪ್ಪನಿಗೂ ಸೊಸೆಯ ಕೂಗು ಒಂದು ದಿನ ಕೇಳಿಸಿತು. ನನ್ನ ಹೆಂಡ್ತಿ ಏನು ನಿನ್ನ ಓರಗೆಯವಳಾ ಎಂದು ಕೋಲೆತ್ತಿಕೊಂಡು ಬಂದ. ಉಡಚಮ್ಮ ಮಂಚದಿಂದಲೇ ಅವನನ್ನು ತಡೆದಳು.

"ಕರೀಲಿ ಬಿಡ್ರಿ. ನಾನೇ ಹೇಳೀನಿ."

ಆ ಹೊತ್ತಿಗೆ ಅವಳು ಏಳುವುದನ್ನು ಬಿಟ್ಟಿದ್ದಳು. ಡಾಕ್ಟರು ಮನೆಗೇ ಬಂದು ನೋಡಿ ಹೋದರು. ಕಣ್ಣು ಬಿಳಿ ಇದೆ, ವಯಸ್ಸಾಯ್ತಲ್ಲ ಎಂದರು. ರೇವತಿ ಅವಳಿಗೆ ಮೈ ಒರೆಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು. ಹೆತ್ತ ತಾಯಿಗೂ ಅವಳು ಅಷ್ಟು ಮಾಡಿರಲಿಲ್ಲ. ಅತ್ತೆಯ ಮೇಲೆ ತನಗೆ ಇಷ್ಟು ಪ್ರೀತಿ ಇದೆ ಎಂದು ಮೊದಲೇ ಯಾಕೆ ಗೊತ್ತಾಗಲಿಲ್ಲ ಎಂದು ಮರುಗುತ್ತಿದ್ದಳು.

ಆ ಸಂಜೆ ರೇವತಿ ಮಂಚದ ಪಕ್ಕದಲ್ಲೇ ಕೂತುಬಿಟ್ಟಿದ್ದಳು. ಬಿಸಿಲು ಗೋಡೆ ಹತ್ತಿ ಹೋಯಿತು, ಅವಳು ಏಳಲಿಲ್ಲ. ಉಡಚಮ್ಮ ಕಣ್ಣು ಬಿಟ್ಟು ಕಿಟಕಿಯ ಕಡೆ ನೋಡಿದಳು.

"ಹೊತ್ ಮುಳುಗ್ತು ರೇವತಿ. ಎದ್ದು ಹೋಗು. ನಿನ್ನೆ ಮೆಲ್ಲಗೆ ಕರ್ದಿ, ನಂಗೆ ಸರಿಯಾಗಿ ಕೇಳ್ಲಿಲ್ಲ."

ರೇವತಿ ಎದ್ದು ಹೋದಳು. ಮೆಟ್ಟಿಲ ಮೇಲೆ ಮೀನಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದಳು. ರೇವತಿ ಅವಳನ್ನು ದಾಟಿ ಪಾತಿಯ ಮುಂದೆ ಕೂತು ಹೆಸರು ಹೇಳಿ ಕರೆದಳು. ಒಳಗಿಂದ ಉತ್ತರ ಬರಲಿಲ್ಲ. ಅವಳು ಕಾದಳು. ಎಲೆಗಳು ಬಿಚ್ಚಿಕೊಂಡೇ ಇದ್ದವು. ಹಿಂದೆ, ಮೀನಿ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿದಳು.

"ಉಡಚಮ್ಮಾ," ಎಂದು ರೇವತಿ ಗಂಟಲು ಹರಿಯುವ ಹಾಗೆ ಕೂಗಿದಳು. ಗೋಡೆಯಾಚೆ ಯಾರೋ ಛೀ ಎಂದರು.

ಬಹಳ ಹೊತ್ತಿನ ಮೇಲೆ, ಒಳಗಿನಿಂದ, ಬಂದೆ ಎಂಬ ಸಣ್ಣ ದನಿ ಬಂತು. ಮೀನಿ ಮತ್ತೆ ತಿನ್ನತೊಡಗಿದಳು.